ಮೈಕಮ್ಮನ ಹಲ್ಲು

ಬಸ್ ನಿಲ್ದಾಣದಲ್ಲಿ ಅವಳ ಹೆಸರು ಮೈಕಮ್ಮ. ಗಾಜಿನ ಪುಟ್ಟ ಗೂಡಿನಲ್ಲಿ ಕೂತು, ಕೆಂಪು ಗುಂಡಿ ಒತ್ತಿ, "ಪ್ರಯಾಣಿಕರ ಗಮನಕ್ಕೆ" ಎಂದು ಶುರು ಮಾಡಿ, ಯಾವ ಬಸ್ಸು ಯಾವ ಪ್ಲಾಟ್‌ಫಾರಂನಿಂದ ಹೊರಡುತ್ತದೆಂದು ಅರ್ಧ ಆಯುಸ್ಸು ಹೇಳಿಕೊಂಡು ಬಂದವಳಿಗೆ ಬೇರೆ ಹೆಸರು ಯಾಕೆ ಬೇಕು? ಡ್ರೈವರುಗಳು, ಕಂಡಕ್ಟರುಗಳು, ಟೀ ಮಾರುವವರು, ಎಲ್ಲರ ಬಾಯಲ್ಲೂ ಅದೇ. ಮನೆಯಲ್ಲೂ ಅವಳ ದನಿ ಸ್ವಲ್ಪ ಏರಿದರೆ ಸಾಕು, ಗಂಡ "ಗುಂಡಿ ಬಿಡೇ ಮೈಕಮ್ಮ, ಇಲ್ಲಿ ಯಾವ ಬಸ್ಸೂ ಹೊರಡ್ತಿಲ್ಲ" ಎನ್ನುತ್ತಿದ್ದ.

ಅಂಥವಳ ಮೇಲಿನ ಸಾಲಿನ ಮುಂದಿನ ನಾಲ್ಕು ಹಲ್ಲು ಹೋದವು. ವಸಡು ಕೆಟ್ಟು ಅಲ್ಲಾಡುತ್ತಿದ್ದವನ್ನು ಹಲ್ಲಿನ ಡಾಕ್ಟರಮ್ಮ ಕಿತ್ತು, "ಗಾಯ ಮಾಗಲಿ, ಆಮೇಲೆ ಬನ್ನಿ, ಹಲ್ಲು ಕಟ್ಟಿಕೊಡ್ತೀನಿ" ಎಂದಿದ್ದರು. ಗಾಯ ಮಾಗಿ ಎಷ್ಟೋ ದಿನವಾಯಿತು. ಹಲ್ಲು ಮಾತ್ರ ಬರಲಿಲ್ಲ. ಬಾರದಿದ್ದದ್ದಕ್ಕೆ ಕಾರಣ ಬಡತನವೂ ಅಲ್ಲ, ಗಂಡನ ಜಿಪುಣತನವೂ ಅಲ್ಲ. ಪ್ರಪಂಚದ ಎರಡು ದೊಡ್ಡ ಕಂಪನಿಗಳಲ್ಲಿ ಯಾವುದು ದೊಡ್ಡದು ಎನ್ನುವುದು ಇನ್ನೂ ತೀರ್ಮಾನವಾಗಿರಲಿಲ್ಲ, ಅಷ್ಟೆ.

ಗಂಡ ತಕ್ಕಡಿ ರಿಪೇರಿಯವನು. ತರಕಾರಿ ಅಂಗಡಿಯ ಕೈತಕ್ಕಡಿಯಿಂದ ಹಿಡಿದು ಲಾರಿ ತೂಗುವ ಕಟ್ಟೆಯವರೆಗೆ, ಮುಳ್ಳು ಕೂದಲೆಳೆಯಷ್ಟು ಆಚೀಚೆ ಆದರೂ ಹಿಡಿದು ಸರಿಮಾಡುವ ಕೈ. ಅಂಕಿ ಮಿನುಗುವ ಅಗ್ಗದ ಯಂತ್ರಗಳು ಬಂದ ಮೇಲೆ ರಿಪೇರಿಗೆ ತರುವವರೇ ಇಲ್ಲವಾದರು. ಕೆಟ್ಟರೆ ಬಿಸಾಕಿ ಹೊಸದು ತರುತ್ತಾರೆ. ಬೇರೆ ದಾರಿ ಕಾಣದೆ ಅಂಗಡಿಯ ಜಾಗ ಮಾರಿದ. ಬಂದ ದುಡ್ಡನ್ನು ಬ್ಯಾಂಕಿನಲ್ಲಿ ಇಡೋಣ ಎಂದು ಮೈಕಮ್ಮ ಹೇಳಿದ್ದಕ್ಕೆ ಅಪ್ಪ, ಮಗಳು ಇಬ್ಬರೂ ಸೇರಿ ನಕ್ಕರು.

ಮಗಳು ಫೋನ್ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ತಾನು ದಿನವೂ ಮಾರುವ ಫೋನಿನ ಕಂಪನಿಯ ಷೇರೇ ಕೊಳ್ಳಬೇಕೆಂದು ಅವಳ ಹಟ. ಆ ಫೋನು, ಕಾರು, ಕಂಪ್ಯೂಟರು ಎಲ್ಲದರ ಹೊಟ್ಟೆಯೊಳಗಿನ ಚಿಪ್ ಮಾಡುವ ಕಂಪನಿಯದೇ ಆಗಬೇಕೆಂದು ಅಪ್ಪನ ಹಟ. ಜಗಳ ಬಗೆಹರಿಯದೆ ದುಡ್ಡು ಎರಡಕ್ಕೂ ಸಮಸಮ ಹಂಚಿಹೋಯಿತು. ಅಂದಿನಿಂದ ಮನೆಯಲ್ಲಿ ಎರಡು ಪಕ್ಷ: ಫೋನಿನವರು, ಚಿಪ್ಪಿನವರು. "ಕೊನೆಗೆ ಎಲ್ಲರ ಕೈಗೂ ಚಿಪ್ಪೇ" ಎಂದು ಅತ್ತೆ ನಕ್ಕಿದ್ದರು. ಗಂಡನ ತಾಯಿ ಅವರು. ಎಂಬತ್ತು ದಾಟಿದ್ದರೂ ಬಾಯಲ್ಲಿ ಒಂದು ಹಲ್ಲೂ ಅಲ್ಲಾಡಿರಲಿಲ್ಲ. ಸುಟ್ಟ ಜೋಳದ ತೆನೆಯನ್ನು ಅವರು ಕಟಕಟ ಕಡಿಯುವುದನ್ನು ನೋಡಿದರೆ ಎಂಥವರಿಗೂ ಹೊಟ್ಟೆಯುರಿ ಬರಬೇಕು.

ಷೇರಿನ ಖಾತೆ ತೆರೆಯುವಾಗ ಒಂದು ತಮಾಷೆ ನಡೆಯಿತು. ಗಂಡನ ಸಹಿ ಎರಡು ಸಲ ಒಂದೇ ಥರ ಬೀಳದು. ಷೇರಿನ ಕಚೇರಿಯವರು ಅರ್ಜಿಯನ್ನು ಮತ್ತೆ ಮತ್ತೆ ವಾಪಸು ಕಳಿಸಿದರು. ಮಗಳಿಗೆ ಕಚೇರಿ ಅಲೆಯಲು ಪುರುಸೊತ್ತಿಲ್ಲ. ಹಾಗಾಗಿ ಖಾತೆ ಮೈಕಮ್ಮನ ಹೆಸರಿನಲ್ಲೇ ಆಯಿತು. ಷೇರು ಕೊಂಡ ದಿನ ಅವಳ ಫೋನಿಗೆ ಬಂದ ಗುಟ್ಟಿನ ಅಂಕಿಗಳನ್ನು ಒಲೆಯ ಮುಂದೆ ನಿಂತೇ, ಬಸ್ಸಿನ ನಂಬರು ಕೂಗುವ ದನಿಯಲ್ಲಿ ಕೂಗಿ ಹೇಳಿದಳು. "ಒಡತಿ ನೀನೇ ಕಣೇ" ಎಂದು ಗಂಡ ಚುಡಾಯಿಸಿದ. ಒಡತಿ ಬೇಳೆ ತಳ ಹಿಡಿಯದ ಹಾಗೆ ಸೌಟು ತಿರುಗಿಸಿದಳು.

ಹಲ್ಲು ಕೀಳಿಸಿಕೊಂಡು ಬಂದ ವಾರ ಊಟಕ್ಕೆ ಕೂತಾಗ ಅವಳೇ ಮಾತು ತೆಗೆದಿದ್ದಳು.

"ಡಾಕ್ಟರಮ್ಮ ಖರ್ಚು ಹೇಳಿದಾರೆ. ಷೇರಲ್ಲಿ ಸ್ವಲ್ಪ ಮಾರಿದ್ರೆ ಆಗತ್ತೆ."

"ಮಾರೋಣ. ನಿನ್ನ ಹಲ್ಲಿಗಿಂತ ಹೆಚ್ಚಾ?" ಎಂದ ಗಂಡ ತಕ್ಷಣ. "ಫೋನಿನದನ್ನ ತೆಗೆದುಬಿಡೋಣ."

"ಯಾಕೆ, ನಿನ್ನ ಚಿಪ್ಪಿಂದು ತೆಗಿ," ಎಂದಳು ಮಗಳು. "ನಮ್ದು ಇಡೀ ಪ್ರಪಂಚಕ್ಕೇ ಒಂದನೇ ಕಂಪನಿ. ಒಂದನೇದನ್ನ ಯಾರಾದ್ರೂ ಮಾರ್ತಾರಾ?"

"ಇವತ್ತು ಒಂದನೇದು. ನಾಳೆ ನೋಡು."

"ನಾಳೆ ನಾಳೆ ಅಂತ ಎಷ್ಟು ದಿನದಿಂದ ಹೇಳ್ತಿದೀಯಪ್ಪ? ಎಲ್ಲ ಷೇರಿನ ಬೆಲೆ ಕೂಡಿಸಿ ನೋಡಿದ್ರೆ ನಿಮ್ಮೋರು ಎರಡನೇ ಸ್ಥಾನ. ಸಂಜೆ ವಾರ್ತೇಲಿ ದಿನಾ ತೋರಿಸ್ತಾರೆ, ಕಣ್ಣು ಬಿಟ್ಟು ನೋಡು."

"ಹಾಗಾದ್ರೆ ಪಂದ್ಯ," ಎಂದ ಅಪ್ಪ, ತಟ್ಟೆ ಪಕ್ಕಕ್ಕೆ ಸರಿಸಿ. "ಒಂದು ತಿಂಗಳು ಪೂರ್ತಿ ಯಾವುದು ಮೇಲಿರತ್ತೋ ಅದು ಉಳೀಲಿ. ಕೆಳಗಿರೋದನ್ನ ಮಾರಿ ನಿಮ್ಮಮ್ಮನ ಹಲ್ಲು ಕಟ್ಸೋಣ. ಒಪ್ಪಿಗೆಯಾ?"

"ಒಪ್ಪಿಗೆ. ಆದ್ರೆ ಮಧ್ಯದಲ್ಲಿ ಒಂದಿನ ಜಾರಿದ್ರೂ ಲೆಕ್ಕ ಮತ್ತೆ ಮೊದ್ಲಿಂದ."

"ಮೊದ್ಲಿಂದ."

ಇಬ್ಬರೂ ಕೈಗೆ ಕೈ ಬಡಿದರು. ಹೀಗೆ ಮೈಕಮ್ಮನ ಹಲ್ಲು ಸೋತವರ ಪಾಲಿಗೆ ಬಿತ್ತು. ಹಲ್ಲು ಕಟ್ಟಿಸಿಕೊಟ್ಟವರು ಸೋತಂತೆ, ಕಟ್ಟಿಸದೆ ಇದ್ದಷ್ಟು ದಿನ ಯಾರೂ ಸೋತಿಲ್ಲದಂತೆ. ಸೋಲು ಒಪ್ಪಿಕೊಳ್ಳುವ ಜಾಯಮಾನ ಇಬ್ಬರದೂ ಅಲ್ಲ. ಮೈಕಮ್ಮ ಒಂದು ತಿಂಗಳು ತಾನೇ ಎಂದುಕೊಂಡು ಅನ್ನವನ್ನು ಮೆತ್ತಗೆ ಕಿವುಚಿ ನುಂಗಿದಳು.

ಪಾತ್ರೆಯ ನಿಯಮ ತಂದವರು ಅತ್ತೆ. "ಬರೀ ಬಾಯಲ್ಲಿ ಪಂದ್ಯ ಕಟ್ಟಿದ್ರೆ ಏನು ರುಚಿ? ದಿನಾ ಸಂಜೆ ಯಾರ ಕಂಪನಿ ಕೆಳಗಿರತ್ತೋ ಅವ್ರು ಪಾತ್ರೆ ತೊಳೀರಿ" ಎಂದರು. ಅವರು ತಮಾಷೆಗೆ ಹೇಳಿದ್ದನ್ನು ಇಬ್ಬರೂ ಗಟ್ಟಿಯಾಗಿ ಹಿಡಿದುಕೊಂಡರು. ಮದುವೆಯಾದಂದಿನಿಂದ ಒಂದು ಲೋಟ ತೊಳೆಯದ ಗಂಡ ಸೋತ ಸಂಜೆ ತೋಳು ಮಡಚಿ ಸಿಂಕಿನ ಮುಂದೆ ನಿಂತ. ತಕ್ಕಡಿಯ ತಟ್ಟೆ ಉಜ್ಜಿದ ಅಭ್ಯಾಸ, ಕೆಲಸ ಚೊಕ್ಕಟ. ತೊಳೆದ ಬಾಣಲೆಯನ್ನು ದೀಪಕ್ಕೆ ಹಿಡಿದು ನೋಡುತ್ತಿದ್ದ. ಮಗಳು ಸೋತ ಸಂಜೆ ಮಾತ್ರ ಪಾತ್ರೆಗಳ ಸದ್ದು ಬೀದಿಗೆ ಕೇಳುತ್ತಿತ್ತು.

ಮೈಕಮ್ಮ ಊಟ ಮುಗಿಸಿ ಅತ್ತೆಯ ಪಕ್ಕ ಕಾಲು ಚಾಚಿ ಕೂರುತ್ತಿದ್ದಳು. ನಿಜ ಹೇಳಬೇಕೆಂದರೆ ಅವಳಿಗೆ ಅದು ಹಿತವಾಗಿತ್ತು. ಇಡೀ ದಿನ ದುಡಿದು ಬಂದ ಮೇಲೆ ಎಂಜಲು ತಟ್ಟೆ ಮುಟ್ಟದೆ ಕೂತ ಸಂಜೆಗಳು ಅವಳ ಬಾಳಿನಲ್ಲಿ ಎಷ್ಟಿದ್ದವು? ಹಲ್ಲಿನ ಮಾತು ಮತ್ತೆ ಎತ್ತಿದರೆ ಈ ಸುಖಕ್ಕೂ ಕಲ್ಲು ಬೀಳುತ್ತದೆ ಎಂದು ಸುಮ್ಮನಿದ್ದಳು. ಸುಮ್ಮನಿರುವುದು ಹಾಗೇ ಅಭ್ಯಾಸವಾಗಿ ಹೋಯಿತು.

ಕಂಪನಿಗಳು ಮಾತ್ರ ಸುಮ್ಮನಿರಲಿಲ್ಲ. ಫೋನಿನವರು ಒಂದು ವಾರ ಮೇಲಿದ್ದರೆ ಚಿಪ್ಪಿನವರು ಮುಂದಿನ ವಾರ. ಯಾರೋ ಒಬ್ಬರು ತಿಂಗಳ ಅರ್ಧ ದಾಟುವ ಹೊತ್ತಿಗೆ ಇನ್ನೊಬ್ಬರು ಬಂದು ಸ್ಥಾನ ಕಿತ್ತುಕೊಳ್ಳುತ್ತಿದ್ದರು. ಲೆಕ್ಕ ಮತ್ತೆ ಮೊದಲಿಂದ.

ನಿಲ್ದಾಣದ ಕಂಟ್ರೋಲರ್ ಒಳ್ಳೆಯ ಮನುಷ್ಯ. ಹೇಳಬೇಕಾದ್ದನ್ನು ಹೇಳುವ ಮೊದಲು ಟೀ ತರಿಸಿದ. ಟೀ ತರಿಸಿದಾಗಲೇ ಅವಳಿಗೆ ಗೊತ್ತಾಯಿತು.

"ತಪ್ಪು ತಿಳ್ಕೋಬೇಡಿ ಮೈಕಮ್ಮ. ಇತ್ತೀಚೆಗೆ ಮೈಕಲ್ಲಿ ಮಾತಿಗಿಂತ ಗಾಳಿ ಜಾಸ್ತಿ ಕೇಳತ್ತೆ. ಜನ ಬಂದು ಬಂದು ನನ್ನೇ ಕೇಳ್ತಾರೆ, ಏನು ಹೇಳಿದ್ರು ಅಂತ."

"ಹಲ್ಲು ಕಟ್ಟಿಸ್ಕೊಳ್ತೀನಿ ಸಾರ್."

"ಯಾವಾಗ?"

ಅದಕ್ಕೆ ಉತ್ತರ ಷೇರುಪೇಟೆಯಲ್ಲಿತ್ತು. ಅದನ್ನು ಇವನಿಗೆ ಬಿಡಿಸಿ ಹೇಳುವುದು ಹೇಗೆ? "ಬೇಗ," ಎಂದಳು. ಆ ಒಂದು ಮಾತೂ ಹಲ್ಲಿನ ಸಂದಿಯಲ್ಲಿ ಸೋರಿಹೋಯಿತು.

"ಅಲ್ಲೀವರೆಗೂ ಮರೆತ ಸಾಮಾನಿನ ಕೋಣೆ ನೋಡ್ಕೊಳಿ. ಪರೀಕ್ಷೆಗೆ ಅಂತ ಒಂದು ಮಾತಾಡೋ ಯಂತ್ರ ಕೊಟ್ಟಿದಾರೆ, ಮೈಕಲ್ಲಿ ಅದು ನಡೀಲಿ. ರಜೆ ಮುಗಿದು ಶಾಲೆಗಳು ಶುರುವಾಗೋ ಹೊತ್ತಿಗೆ ಮೇಲಿನ ಸಾಹೇಬ್ರು ಬರ್ತಾರೆ. ಯಂತ್ರ ಇಟ್ಕೊಳೋದಾ, ನೀವೇ ಇರೋದಾ ಅಂತ ಅವತ್ತೇ ತೀರ್ಮಾನ. ಅಷ್ಟರಲ್ಲಿ ಬಂದ್ಬಿಡಿ ಮೈಕಮ್ಮ. ನಾನು ನಿಮ್ಮ ಕಡೆ."

ಮರೆತ ಸಾಮಾನಿನ ಕೋಣೆಗೆ ಕಿಟಕಿ ಇರಲಿಲ್ಲ. ಕೊಡೆಗಳು, ಟಿಫನ್ ಡಬ್ಬಿಗಳು, ಒಂಟಿ ಚಪ್ಪಲಿ, ಒಂದು ಗಿಟಾರು, ಯಾರೋ ತಿಂಗಳುಗಳ ಹಿಂದೆ ಬಿಟ್ಟುಹೋದ ಊರುಗೋಲು. ಊರುಗೋಲು ಮರೆತವರು ಹೋದದ್ದಾದರೂ ಹೇಗೆ ಎಂದು ಮೊದಲ ದಿನ ಆಶ್ಚರ್ಯಪಟ್ಟಳು, ಎರಡನೆಯ ದಿನದಿಂದ ಅದೂ ನಿಂತಿತು. ಗೋಡೆಯಾಚೆಯ ಸ್ಪೀಕರಿನಲ್ಲಿ ಯಂತ್ರದ ಹೆಣ್ಣುದನಿ ಬಸ್ಸುಗಳನ್ನು ಕೂಗುತ್ತಿತ್ತು. ದನಿಯಲ್ಲಿ ತಪ್ಪು ಹುಡುಕಲು ಅವಳು ಕಿವಿಗೊಟ್ಟು ಕೇಳಿದಳು. ತಪ್ಪು ಸಿಗಲಿಲ್ಲ. ಸಿಟ್ಟಾದರೂ ಬರಬೇಕಿತ್ತು. ಅದೂ ಬರಲಿಲ್ಲ, ಒಳಗೆಲ್ಲ ಜೋಮು ಹಿಡಿದ ಹಾಗಿತ್ತು.

ಮನೆಗೆ ಬಂದು ಹೇಳಿದಳು. ಸಂಜೆ ವಾರ್ತೆ ನಡೆಯುತ್ತಿತ್ತು.

"ನನ್ನನ್ನ ಮೈಕಿಂದ ತೆಗೆದಿದಾರೆ. ಶಾಲೆ ಶುರುವಾಗೋದ್ರೊಳಗೆ ಹಲ್ಲು ಕಟ್ಟಿಸ್ಕೊಂಡ್ರೆ ವಾಪಸು ಬರಬಹುದಂತೆ. ಇಲ್ದಿದ್ರೆ ಆ ಯಂತ್ರಾನೇ ಖಾಯಂ."

ಗಂಡ ಟೀವಿಯ ಸದ್ದು ತಗ್ಗಿಸಿದ. ಅವನ ಮುಖ ನಿಜವಾಗಿಯೂ ಬಾಡಿತು. "ಛೆ. ಎಂಥ ಕೆಲ್ಸ ಮಾಡಿದ್ರು. ಇರ್ಲಿ ಬಿಡು, ಶಾಲೆಗೆ ಇನ್ನೂ ಎಷ್ಟೋ ದಿನ ಇದೆ. ಚಿಪ್ಪಿನವರು ಈ ಸಲ ಕೂತಿರೋ ರೀತಿ ನೋಡಿದ್ರೆ ಏಳೋ ಥರ ಕಾಣ್ಸಲ್ಲ. ತಿಂಗಳು ಮುಗಿದ ಮಾರನೇ ದಿನಾನೇ ಡಾಕ್ಟರ ಹತ್ರ ಹೋಗೋಣ."

"ಏಳಿಸ್ತೀವಿ ನಾವು," ಎಂದಳು ಮಗಳು ಒಳಗಿನಿಂದ.

"ಏನೇ, ಅಮ್ಮನ ಕೆಲ್ಸ ಹೋಗ್ತಿದೆ, ನಿನಗೆ ತಮಾಷೆನಾ?"

"ಅಷ್ಟು ಕನಿಕರ ಇದ್ರೆ ನಿನ್ನದನ್ನ ಇವತ್ತೇ ಮಾರಪ್ಪ. ಯಾರು ಬೇಡ ಅಂದ್ರು?"

"ಮೇಲಿರೋರು ಯಾಕೆ ಮಾರ್ಬೇಕು? ಕೆಳಗಿರೋಳು ನೀನು. ನೀನು ಮಾರು."

"ತಿಂಗಳು ಆಗ್ಲಿ, ಮಾತಾಡು."

ಮಾತು ಎಲ್ಲಿ ಶುರುವಾಗಿತ್ತೋ ಅದು ಇಬ್ಬರಿಗೂ ಮರೆತುಹೋಯಿತು. ಮೈಕಮ್ಮ ಅಡುಗೆಮನೆಗೆ ಹೋಗಿ ಆಲೂಗಡ್ಡೆ ಬೇಯಲು ಇಟ್ಟಳು. ಈಗೀಗ ಮನೆಯಲ್ಲಿ ಎಲ್ಲವೂ ಎರಡೆರಡು ಪಾತ್ರೆಯಲ್ಲಿ ಆಗುತ್ತಿತ್ತು, ಅವರಿಗೆ ಹುರಿದದ್ದು, ಅವಳಿಗೆ ಬೇಯಿಸಿ ಹಿಸುಕಿದ್ದು. ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. "ನಿನ್ನ ಬಾಯಿ ನನಗೂ, ನನ್ನ ಬಾಯಿ ನಿನಗೂ ಬರಬೇಕಿತ್ತಮ್ಮ. ನನಗಾದ್ರೆ ಯಾರ ಹತ್ರ ಏನು ಮಾತಾಡೋದಿದೆ?" ಎಂದರು. ಮೈಕಮ್ಮ ನಗಲು ಹೋಗಿ ಅಂಗೈ ಬಾಯಿಗೆ ಅಡ್ಡ ಹಿಡಿದಳು. ಅದೂ ಹೊಸ ಅಭ್ಯಾಸ.

ಆ ಸಲ ಚಿಪ್ಪಿನವರು ನಿಜವಾಗಿಯೂ ಗಟ್ಟಿಯಾಗಿ ಕೂತರು. ಮಗಳು ಸಂಜೆ ಸಂಜೆಯೂ ಪಾತ್ರೆ ತೊಳೆದಳು. ತಿಂಗಳು ತುಂಬಲು ಎರಡೇ ದಿನ ಉಳಿದಾಗ ಗಂಡ ಹಲ್ಲಿನ ಡಾಕ್ಟರಮ್ಮನ ಫೋನ್ ನಂಬರು ಹುಡುಕಿಸಿದ. ಮೈಕಮ್ಮನಿಗೆ ಎಷ್ಟೋ ದಿನದ ಮೇಲೆ ಎದೆಯೊಳಗೆ ಏನೋ ಅಲುಗಿದಂತಾಯಿತು. ಸ್ನಾನದ ಮನೆಯ ಕನ್ನಡಿಯ ಮುಂದೆ ನಿಂತು ತುಟಿ ಎತ್ತಿ ನೋಡಿಕೊಂಡಳು.

ಮಾರನೆಯ ದಿನ ಫೋನಿನವರು ಹೊಸ ಫೋನು ಬಿಟ್ಟರು. ಮಗಳ ಅಂಗಡಿಯ ಮುಂದೆ ಬೆಳಗಿನಿಂದಲೇ ಸಾಲು, ಆ ಸಾಲು ಪಕ್ಕದ ಬ್ಯಾಂಕಿನ ಬಾಗಿಲನ್ನೂ ಮುಚ್ಚಿತ್ತಂತೆ. ಸಂಜೆಯ ವಾರ್ತೆಯಲ್ಲಿ ಚಿಪ್ಪಿನವರು ಕೂದಲೆಳೆಯಷ್ಟು ಕೆಳಗಿದ್ದರು. ಮಗಳು ಕೇಕು ತಂದಳು.

"ತಕ್ಕಡಿ ಕೆಟ್ಟಿದೆ," ಎಂದ ಅಪ್ಪ. "ಒಂದು ಫೋನಿಗೆ ಇಷ್ಟು ಕುಣಿತವಾ?"

"ಪಾತ್ರೆ ಕಾಯ್ತಿದೆ, ಏಳಪ್ಪ."

ಮೈಕಮ್ಮ ಮೊದಲ ಸಲ ನಡುವೆ ಬಾಯಿ ಹಾಕಿದಳು. "ಒಂದೆರಡು ದಿನ ತಾನೇ ಕಮ್ಮಿ? ತಿಂಗಳಾಯ್ತು ಅಂತ್ಲೇ ಇಟ್ಕೊಳಿ. ಯಾವ್ದಾದ್ರೂ ಒಂದು ಮಾರಿ."

ಮಗಳು ಕೇಕಿನ ಚಾಕು ಕೆಳಗಿಟ್ಟಳು. "ಹಾಗೆಲ್ಲ ಆಗಲ್ಲಮ್ಮ. ಮಾತು ಅಂದ್ರೆ ಮಾತು."

"ಅವಳು ಹೇಳೋದು ಸರಿ ಕಣೇ," ಎಂದ ಗಂಡ. "ತೂಕದಲ್ಲಿ ದಾಕ್ಷಿಣ್ಯ ಇರಬಾರ್ದು. ನಾನು ಸೋತಿದೀನಿ, ಒಪ್ಪಿದೆ. ಇನ್ನೊಂದು ತಿಂಗಳು."

ಪಂದ್ಯ ಕಟ್ಟಿದ ಮೇಲೆ ಅಪ್ಪ ಮಗಳು ಇಬ್ಬರೂ ಒಂದಾಗಿ ಆಡಿದ ಮೊದಲ ಮಾತು ಅದು. ಕೇಕು ಮೆತ್ತಗಿತ್ತು. ಅವಳೂ ಒಂದು ತುಂಡು ತಿಂದಳು.

ಶಾಲೆಗಳು ತೆರೆಯಲು ಕೆಲವೇ ವಾರ ಉಳಿದಿದ್ದಾಗ ಯಾರೂ ಎಣಿಸದ ಒಂದು ಘಟನೆ ನಡೆಯಿತು. ಜನ ಏನು ಬೇಕಾದರೂ ಟೈಪ್ ಮಾಡಿ ಹುಡುಕುತ್ತಾರಲ್ಲ, ಆ ಹುಡುಕಾಟದ ಕಂಪನಿ ಸದ್ದಿಲ್ಲದೆ ಮೇಲೇರಿ ಬಂದು ಎರಡನ್ನೂ ಹಿಂದಕ್ಕೆ ಹಾಕಿತು. ಟೀವಿಯಲ್ಲಿ ಒಂದನೇ ಸ್ಥಾನದಲ್ಲಿ ಅದರ ಹೆಸರು ಕಂಡಿತು.

"ಇವ್ರು ಎಲ್ಲಿಂದ ಬಂದ್ರು?" ಎಂದ ಗಂಡ.

"ಮೋಸ. ಒಂದು ದಿನದ ಆಟ ಇದು," ಎಂದಳು ಮಗಳು.

"ಅಂತೂ ಇಬ್ಬರೂ ಸೋತ್ರಿ," ಎಂದರು ಅತ್ತೆ ಮೂಲೆಯಿಂದ. "ಇಬ್ಬರದೂ ಮಾರಿ ಹಾಗಾದ್ರೆ. ಅವಳ ಹಲ್ಲಾಗಲಿ."

"ಸುಮ್ನಿರಮ್ಮ ನೀನು," ಎಂದು ಗಂಡ ಮಗಳ ಕಡೆ ಕುರ್ಚಿ ಎಳೆದುಕೊಂಡ. ಇಬ್ಬರೂ ಒಂದೇ ಫೋನಿನ ಮೇಲೆ ತಲೆ ಬಗ್ಗಿಸಿದರು. ಇಷ್ಟು ದಿನ ಹಾವು ಮುಂಗುಸಿಯಂತಿದ್ದವರು ಈಗ ಒಂದೇ ಬಳ್ಳಿಯ ಕಾಯಿಗಳಾದರು.

"ನಿಮ್ಮೋರು ನಮ್ಮೋರ ಚಿಪ್ ತಾನೇ ಹಾಕೋದು?"

"ಹೂಂ. ನಿಮ್ಮದು ಏರಿದ್ರೆ ನಮ್ಮದಕ್ಕೂ ಒಳ್ಳೇದೇ ಅಪ್ಪ."

"ಹಾಗಾದ್ರೆ ಈಗ ಒಂದು ಕಾಸಿನದೂ ಮಾರಬಾರ್ದು. ಇಬ್ಬರೂ ಸೇರಿ ಇವನನ್ನ ಇಳಿಸೋವರೆಗೂ ಪಂದ್ಯ ನಿಲ್ಲಿಸೋಣ."

"ನಿಲ್ಲಿಸೋಣ."

ಮತ್ತೆ ಕೈಗೆ ಕೈ ಬಡಿದ ಸದ್ದು. ತನ್ನ ಗಂಡ ಮಗಳು ಹೀಗೆ ಭುಜಕ್ಕೆ ಭುಜ ತಾಗಿಸಿ ಕೂತದ್ದನ್ನು ನೋಡಿ ಯಾವ ಹೆಂಗಸಿಗಾದರೂ ಸಂತೋಷವಾಗಬೇಕು. ಮೈಕಮ್ಮ ಸಂತೋಷ ಬರುತ್ತದೇನೋ ಎಂದು ಕಾದಳು. ಬರಲಿಲ್ಲ. ಎದ್ದು ಅಡುಗೆಮನೆಗೆ ಹೋದಳು. ಸಿಂಕಿನ ತುಂಬ ಎಂಜಲು ಪಾತ್ರೆ. ಪಂದ್ಯವೇ ನಿಂತಿದ್ದರಿಂದ ಅವನ್ನು ತೊಳೆಯುವವರು ಯಾರೂ ಇರಲಿಲ್ಲ. ಕೊಳಾಯಿ ತಿರುಗಿಸಿ ಒಂದೊಂದಾಗಿ ತಾನೇ ತೊಳೆದಳು.

ಮರುದಿನ ಮಧ್ಯಾಹ್ನದ ಬಿಡುವಿನಲ್ಲಿ ಮರೆತ ಸಾಮಾನಿನ ಕೋಣೆಗೆ ಬೀಗ ಹಾಕಿಕೊಂಡು ಷೇರಿನ ಕಚೇರಿಗೆ ಹೋದಳು. ನಿಲ್ದಾಣದ ಎದುರಿಗೇ, ಕನ್ನಡಕದ ಅಂಗಡಿಯ ಮಹಡಿಯಲ್ಲಿ. ಕೌಂಟರಿನ ಹುಡುಗಿ ಅವಳ ಖಾತೆ ತೆರೆದು ನೋಡಿದಳು.

"ಯಾವ್ದು ಮಾರೋದು ಆಂಟಿ? ಎರಡೂ ಒಳ್ಳೇ ಕಂಪನಿಗಳೇ ಇವೆ."

ಮೈಕಮ್ಮ ಅದನ್ನು ದಾರಿಯಲ್ಲಿ ಯೋಚಿಸಿಕೊಂಡೇ ಬಂದಿದ್ದಳು. ಫೋನಿನದು ಮಾರಿದರೆ ಮಗಳು ಸೋತಂತೆ, ಚಿಪ್ಪಿನದು ಮಾರಿದರೆ ಗಂಡ ಸೋತಂತೆ. "ಎರಡೂ," ಎಂದಳು.

"ಎರಡರಲ್ಲೂ ಎಷ್ಟೆಷ್ಟು?"

"ಎಲ್ಲ."

"ಈಗ ಬೇಡ ಆಂಟಿ. ಇನ್ನೂ ಏರತ್ತೆ ಅಂತಿದಾರೆ."

"ಏರ್ಲಿ, ಒಳ್ಳೇದಾಗ್ಲಿ," ಎಂದಳು ಮೈಕಮ್ಮ. ಅವಳ ಫೋನಿಗೆ ಗುಟ್ಟಿನ ಅಂಕಿಗಳು ಬಂದವು. ಈ ಸಲ ಕೂಗಲಿಲ್ಲ. ಫೋನನ್ನು ಹುಡುಗಿಯ ಕಡೆ ತಿರುಗಿಸಿ ತೋರಿಸಿದಳು. ದುಡ್ಡು ಬಂದ ಮೇಲೆ ಹಲ್ಲಿಗೆ ಬೇಕಾದಷ್ಟು ತೆಗೆದು ಮಿಕ್ಕಿದ್ದನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟಳು, ಮೊದಲ ದಿನ ತಾನು ಹೇಳಿದ್ದಂತೆಯೇ. ಖಾತೆಯ ಮಾತು ಬಂದರೆ ಏನು ಹೇಳುವುದೆಂದು ಮನೆಗೆ ಹೋಗುವ ಬಸ್ಸಿನಲ್ಲಿ ನಾಲ್ಕು ಮಾತು ಜೋಡಿಸಿಕೊಂಡಳು. ಮನೆಯಲ್ಲಿ ಆ ಮಾತೇ ಬರಲಿಲ್ಲ. ಅವರಿಗೆ ಬೇಕಾದದ್ದು ಟೀವಿಯಲ್ಲಿ ಯಾರು ಮೇಲೆ ಎನ್ನುವುದು. ತಮ್ಮ ಪಾಲಿನ ಷೇರು ಎಷ್ಟಿದೆ, ಹೇಗಿದೆ ಎಂದು ಖಾತೆ ತೆರೆದು ನೋಡಿ ತಿಂಗಳುಗಳೇ ಆಗಿದ್ದವು.

ಡಾಕ್ಟರಮ್ಮನ ಹತ್ತಿರ ಕೆಲವು ಸಲ ಹೋಗಿಬರಬೇಕಾಯಿತು. ಎಲ್ಲವೂ ಮಧ್ಯಾಹ್ನದ ಬಿಡುವಿನಲ್ಲೇ ಮುಗಿಯಿತು. ಮೊದಲ ಸಲ ಸೂಜಿ ಚುಚ್ಚಿ, "ಈಗ ಮರಗಟ್ಟತ್ತೆ, ಏನೂ ಗೊತ್ತಾಗಲ್ಲ" ಎಂದರು. ಮೂಗಿನ ಕೆಳಗಿನ ಭಾಗವೆಲ್ಲ ಬೇರೆ ಯಾರದೋ ಅನ್ನಿಸತೊಡಗಿತು. ಪಕ್ಕದ ಹಲ್ಲುಗಳನ್ನು ಉಜ್ಜಿ ಸಣ್ಣ ಮಾಡಿದರು, ಅಳತೆ ತೆಗೆದರು. ಅಂದು ಸಂಜೆ ಮನೆಗೆ ಬಂದಾಗಲೂ ತುಟಿ ಒಂದು ಕಡೆ ಜೋತುಬಿದ್ದಿತ್ತು. ಬಡಿಸುವಾಗ ನೀರು ಕುಡಿದದ್ದು ಗಲ್ಲದ ಮೇಲೆ ಹರಿದು ಸೆರಗಿಗೆ ಬಿತ್ತು. ಗಂಡ ಟೀವಿಯ ಕಡೆ ನೋಡುತ್ತಲೇ ತಟ್ಟೆ ಮುಂದೆ ಮಾಡಿ, "ಇನ್ನೊಂದು ಸೌಟು" ಎಂದ. ಇನ್ನೊಂದು ಸೌಟು ಹಾಕಿದಳು.

ಹಲ್ಲು ಕೂರಿಸಿದ ದಿನ ಡಾಕ್ಟರಮ್ಮ ಕೈಗೆ ಕನ್ನಡಿ ಕೊಟ್ಟರು. "ನಗಿ ನೋಡೋಣ." ನಕ್ಕಳು. ಹಳೆಯ ಮುಖವೇ ವಾಪಸು ಬಂದಿತ್ತು. ನಿಲ್ದಾಣಕ್ಕೆ ಬಂದು, ಬಾಗಿಲು ಹಾಕಿಕೊಂಡು ಮರೆತ ಸಾಮಾನಿನ ಕೋಣೆಯಲ್ಲಿ ಕೊಡೆಗಳಿಗೂ ಊರುಗೋಲಿಗೂ ಎದುರಾಗಿ ನಿಂತು, "ಪ್ರಯಾಣಿಕರ ಗಮನಕ್ಕೆ" ಎಂದಳು. ಮಾತು ಎಲ್ಲೂ ಸೋರದೆ ಹೋಗಿ ಗೋಡೆಗೆ ತಾಗಿತು. ಆಗ ಮಾತ್ರ ಅವಳಿಗೆ ಅಳು ಬಂತು, ಸ್ವಲ್ಪವೇ.

ಶಾಲೆಗಳು ತೆರೆದ ವಾರ ಮೇಲಿನ ಸಾಹೇಬರು ಬಂದರು. ಟೀ ಅಂಗಡಿಯ ಹತ್ತಿರ ನಿಂತು ಒಂದು ಗಂಟೆ ಯಂತ್ರ ಕೇಳಿದರು, ಒಂದು ಗಂಟೆ ಮೈಕಮ್ಮನ ದನಿ ಕೇಳಿದರು. ಎರಡೂ ಚೆನ್ನಾಗಿವೆ ಎಂದರು. ಯಂತ್ರಕ್ಕೆ ಈ ವರ್ಷ ಹಣ ಮಂಜೂರಾಗಿರಲಿಲ್ಲ.

"ಸದ್ಯಕ್ಕೆ ಇವರೇ ಇರ್ಲಿ. ಮುಂದಿನ ವರ್ಷ ನೋಡೋಣ," ಎಂದು ಕಾರು ಹತ್ತಿದರು.

"ಒಂದು ವರ್ಷ ಗೆದ್ರಿ ಮೈಕಮ್ಮ," ಎಂದ ಕಂಟ್ರೋಲರ್. ಅವನು ಅವಳ ಬಾಯಿಯನ್ನೇ ನೋಡಿ ಖುಷಿಯಿಂದ ನಕ್ಕ. ಡ್ರೈವರುಗಳು ಗಾಜು ತಟ್ಟಿ ಹೋದರು. ಟೀ ಮಾರುವವನು ಅವತ್ತಿನ ಟೀಗೆ ದುಡ್ಡು ತೆಗೆದುಕೊಳ್ಳಲಿಲ್ಲ.

ಮಗಳು ದಿನವೂ ಬೆಳಿಗ್ಗೆ ಬಸ್ಸು ಹತ್ತುವುದು ಅದೇ ನಿಲ್ದಾಣದಲ್ಲಿ, ಸ್ಪೀಕರಿನ ಕೆಳಗೇ. ಗಾಜಿನ ಗೂಡಿನಿಂದ ಮೈಕಮ್ಮನಿಗೆ ಅವಳು ಕಾಣಿಸುತ್ತಿದ್ದಳು. ಒಂದು ದಿನ ಬೇಕೆಂದೇ ಆ ಬಸ್ಸನ್ನು ಎರಡು ಸಲ ಕೂಗಿದಳು. ಮಗಳ ಕಿವಿಯಲ್ಲಿ ಇಯರ್‌ಫೋನು, ಕಣ್ಣು ಫೋನಿನ ಮೇಲೆ. ಜನ ನುಗ್ಗಿದ ಕಡೆ ತಾನೂ ನುಗ್ಗಿ ಬಸ್ಸು ಹತ್ತಿದಳು.

ಹೀಗೇ ವಾರ ಕಳೆಯಿತು, ಇನ್ನೊಂದು ವಾರವೂ ಕಳೆಯಿತು. ಎರಡು ಪಾತ್ರೆಯ ಅಡುಗೆ ನಿಂತು ಒಂದೇ ಪಾತ್ರೆಗೆ ಬಂತು. ಹುರಿದ ಆಲೂಗಡ್ಡೆಯನ್ನು ಅವಳೂ ಅವರ ಜೊತೆ ಕೂತು ತಿಂದಳು. ನಗುವಾಗ ಅಂಗೈ ಅಡ್ಡ ಹಿಡಿಯುವುದನ್ನು ಬಿಟ್ಟಳು. ಯಾರಾದರೂ ತಲೆ ಎತ್ತಿ ನೋಡಿದರೆ ಹೇಳಿಬಿಡಬೇಕೆಂದು ಪ್ರತಿ ಊಟಕ್ಕೂ ಅದೇ ನಾಲ್ಕು ಮಾತು ಸಿದ್ಧವಾಗಿಟ್ಟುಕೊಂಡಿದ್ದಳು. ಒಬ್ಬರೂ ನೋಡಲಿಲ್ಲ. ಅತ್ತೆ ಮಾತ್ರ ಮೊದಲ ದಿನವೇ ನೋಡಿದ್ದರು. ನೋಡಿಯೂ ಸುಮ್ಮನಿದ್ದರು, ಉಳಿದಿಬ್ಬರಿಗೆ ಯಾವಾಗ ಕಾಣುತ್ತದೆಂದು ಅವರಿಗೂ ನೋಡಬೇಕಿತ್ತೇನೋ.

ಹುಡುಕಾಟದ ಕಂಪನಿ ಕೆಳಗಿಳಿದದ್ದು ಒಂದು ರಜೆಯ ಹಿಂದಿನ ಸಂಜೆ. ಗಂಡ ಕುರ್ಚಿಯಿಂದ ಎದ್ದೇ ನಿಂತ.

"ಬಂತು! ನಮ್ಮೋರು ಒಂದನೇ ಸ್ಥಾನ! ಇಗೋ ನೋಡೇ ಮಗಳೇ, ನಿಮ್ಮೋರು ಎರಡು. ಪಂದ್ಯ ಮತ್ತೆ ಶುರು. ಇವತ್ತೇ ಮೊದಲನೇ ದಿನ."

"ಶುರು ಆಗ್ಲಿ. ಎಷ್ಟು ದಿನ ನಿಲ್ತಾರೆ ನೋಡ್ತೀನಿ."

"ತಿಂಗಳು ಪೂರ್ತಿ ನಿಲ್ತಾರೆ. ಬರೆದಿಟ್ಕೋ." ಗಂಡ ಹೆಂಡತಿಯ ಕಡೆ ಕೈ ಬೀಸಿದ. ಕಣ್ಣು ಟೀವಿಯ ಮೇಲೇ ಇತ್ತು. "ಕೇಳಿಸ್ತೇನೇ? ಇನ್ನೊಂದೇ ತಿಂಗಳು ತಡ್ಕೋ. ನಿನ್ನ ಹಲ್ಲು ಬಂದ ಹಾಗೇ ಅಂದ್ಕೋ."

"ಸಂತೋಷ," ಎಂದಳು ಮೈಕಮ್ಮ. ಮೈಕಿನಲ್ಲಿ ಹೇಳುವ ದನಿಯಲ್ಲೇ, ಒಂದೊಂದಕ್ಷರವೂ ಕೇಳುವಂತೆ.

"ಹಾಂ," ಎಂದ ಗಂಡ. ಮಗಳು ತಟ್ಟೆಗಳನ್ನು ದಡಬಡ ಎತ್ತಿಕೊಂಡು ಸಿಂಕಿನ ಕಡೆ ಹೋದಳು.

ಅತ್ತೆಯ ಕೈಯಲ್ಲಿ ಸುಟ್ಟ ಜೋಳದ ತೆನೆ ಇತ್ತು. ಸೊಸೆಯ ಕಡೆ ಬಗ್ಗಿ ಮೆಲ್ಲಗೆ ಕೇಳಿದರು, "ಯಾರದನ್ನ ಮಾರಿದೆ?"

"ಇಬ್ಬರದೂ ಅತ್ತೆ. ಒಂದೂ ಉಳಿದಿಲ್ಲ."

ಅತ್ತೆ ಮಗನ ಬೆನ್ನನ್ನು ನೋಡಿದರು, ಅಡುಗೆಮನೆಯಿಂದ ಬರುತ್ತಿದ್ದ ಪಾತ್ರೆಯ ಸದ್ದನ್ನು ಕೇಳಿದರು. "ಹೇಳಲ್ವಾ ಅವ್ರಿಗೆ?"

"ಕೇಳಿದ್ರೆ ಹೇಳ್ತೀನಿ."

ಅತ್ತೆ ತೆನೆಯನ್ನು ಮೊಣಕಾಲಿಗೆ ಒತ್ತಿ ಎರಡು ತುಂಡು ಮಾಡಿ, ದೊಡ್ಡದನ್ನು ಅವಳಿಗೆ ಕೊಟ್ಟರು. ಮೈಕಮ್ಮ ಮುಂದಿನ ಹಲ್ಲಿನಿಂದ ಕಚ್ಚಿದಳು. ಕಟಕಟ ಸದ್ದು ಜೋರಾಗಿಯೇ ಬಂತು.

"ಸ್ವಲ್ಪ ಸದ್ದು ಮಾಡದೆ ತಿನ್ನಿ," ಎಂದ ಗಂಡ ತಿರುಗಿ ನೋಡದೆ. "ವಾರ್ತೆ ಕೇಳಿಸ್ತಿಲ್ಲ."